ಮೊಡವೆ ಹೋಯಿತು, ಕುಳಿ ಉಳಿಯಿತು

ಹದಿಹರೆಯದಲ್ಲಿ ಮೊಡವೆ ಏಳುವುದು ಸಹಜ. ‘ವಯಸ್ಸಿನ ಗುಣ, ತಾನಾಗಿ ಹೋಗುತ್ತದೆ’ ಎಂದು ಮನೆಯ ಹಿರಿಯರು ಹೇಳುವ ಮಾತಿನಲ್ಲಿ ಅರ್ಧ ಸತ್ಯವಿದೆ. ಮೊಡವೆ ಬಹುಪಾಲು ಮಂದಿಗೆ ಹೋಗುತ್ತದೆ. ಆದರೆ ಹೋಗುವಾಗ ಕೆಲವರ ಕೆನ್ನೆಯ ಮೇಲೆ ಕುಳಿಗಳನ್ನು ಬಿಟ್ಟು ಹೋಗುತ್ತದೆ. ಈ ಕುಳಿ ಮಾತ್ರ ತಾನಾಗಿ ತುಂಬಿಕೊಳ್ಳುವುದಿಲ್ಲ. ಪದವಿಯ ಕೊನೆಯ ವರ್ಷಕ್ಕೆ ಬಂದು ನೌಕರಿಯ ಅರ್ಜಿಗೆ ಭಾವಚಿತ್ರ ತೆಗೆಸುವ ಹೊತ್ತಿಗೋ, ಮನೆಯಲ್ಲಿ ಮದುವೆಯ ಮಾತು ಎದ್ದಾಗಲೋ ಇದರ ಚಿಂತೆ ಶುರುವಾಗುತ್ತದೆ.

ಬೆಳಗಾವಿಯ ಸದಾಶಿವನಗರದಲ್ಲಿ ಇಂಥ ಚಿಂತೆ ಹೊತ್ತವರಿಗೆ ವೈದ್ಯರ ಕೊರತೆಯೇನೂ ಇಲ್ಲ. ಸಮೀಪದಲ್ಲೇ ಡಾ. ಅಂಬೇಡ್ಕರ್ ರಸ್ತೆಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ. 2005ರಲ್ಲಿ ಸ್ಥಾಪನೆಯಾದ ಬಿಮ್ಸ್ ವೈದ್ಯಕೀಯ ಸಂಸ್ಥೆಗೆ ಸೇರಿದ್ದು ಅದು. ನೆಹರು ನಗರದಲ್ಲಿ 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, ಅದಕ್ಕೆ ಹೊಂದಿಕೊಂಡ ಕೆ.ಎಲ್.ಇ. ಆಸ್ಪತ್ರೆ. ಇವುಗಳ ಜೊತೆಗೆ ಖಾಸಗಿ ದವಾಖಾನೆಗಳ ಫಲಕಗಳು. ಖಾನಾಪುರದ ಕಡೆಯಿಂದ ಬಸ್ಸು ಹಿಡಿದು ಬರುವ ವಿದ್ಯಾರ್ಥಿಗೆ ಒಂದು ಭೇಟಿಯೆಂದರೆ ಒಂದು ದಿನದ ಕಾಲೇಜು ಹೋದಂತೆ. ಜೊತೆಗೆ ಬಂದ ಪಾಲಕರಿಗೆ ಒಂದು ದಿನದ ಕೆಲಸ ಹೋದಂತೆ. ಆದ್ದರಿಂದ ಮನೆಯಿಂದ ಹೊರಡುವ ಮೊದಲೇ ಏನು ಕೇಳಬೇಕು ಎಂಬುದು ತಿಳಿದಿರುವುದು ಒಳ್ಳೆಯದು.

ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ‘ನಿಮ್ಮಲ್ಲಿ ಲೇಸರ್ ಇದೆಯೇ, ಎಷ್ಟಾಗುತ್ತದೆ?’ ಎಂದು. ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ‘ನನ್ನ ಮುಖದಲ್ಲಿರುವುದು ಯಾವ ಬಗೆಯ ಕುಳಿ?’ ಈ ಪ್ರಶ್ನೆಗೆ ಮುಖ ಮುಟ್ಟಿ ನೋಡಿ ಉತ್ತರ ಹೇಳುವವರೇ ನಿಮಗೆ ಬೇಕಾದ ವೈದ್ಯರು.

ಕಲೆ ಬೇರೆ, ಕುಳಿ ಬೇರೆ

ಮೊಡವೆ ಒಣಗಿದ ಜಾಗದಲ್ಲಿ ಉಳಿಯುವ ಕಂದು ಅಥವಾ ಕೆಂಪು ಗುರುತನ್ನೂ ನಾವು ಕಲೆ ಎನ್ನುತ್ತೇವೆ, ತಗ್ಗನ್ನೂ ಕಲೆ ಎನ್ನುತ್ತೇವೆ. ಇವೆರಡೂ ಬೇರೆ ಬೇರೆ. ಬೆರಳಾಡಿಸಿದರೆ ಸಮತಟ್ಟಾಗಿರುವ ಕಂದು ಗುರುತು ಬರೀ ಬಣ್ಣದ್ದು. ಬಿಸಿಲಿನಿಂದ ಮುಖ ಕಾಪಾಡಿಕೊಂಡರೆ ಅದು ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಅದಕ್ಕೆ ಲೇಸರ್ ಬೇಕಿಲ್ಲ. ತಗ್ಗು ಬಿದ್ದದ್ದು ಮಾತ್ರ ನಿಜವಾದ ಗಾಯದ ಗುರುತು. ಮೊಡವೆಯ ಉರಿಯೂತ ಚರ್ಮದ ಆಳಕ್ಕೆ ಇಳಿದಾಗ ಅಲ್ಲಿನ ಕೊಲಾಜೆನ್ ಎಂಬ ನಾರಿನ ಹೆಣಿಗೆ ಹರಿದುಹೋಗುತ್ತದೆ. ವಾಸಿಯಾಗುವಾಗ ಅಷ್ಟೇ ಹೆಣಿಗೆ ಮರಳಿ ಬರದಿದ್ದರೆ ಮೇಲೆ ತಗ್ಗು ಕಾಣುತ್ತದೆ. ಹಚ್ಚಿದ ಅರಿಶಿನವಾಗಲಿ, ನಿಂಬೆರಸವಾಗಲಿ, ದುಬಾರಿ ಕ್ರೀಮಾಗಲಿ ಈ ಹೆಣಿಗೆಯನ್ನು ಮತ್ತೆ ನೇಯಲಾರದು. ನಿಂಬೆರಸವಂತೂ ಚರ್ಮವನ್ನು ಸುಟ್ಟು ಹೊಸ ಕಪ್ಪು ಕಲೆ ಮಾಡೀತು.

2001ರಲ್ಲಿ ಅಮೆರಿಕದ ಚರ್ಮವೈದ್ಯರು ಈ ಕುಳಿಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಅದೇ ವಿಂಗಡಣೆ ಈಗ ಎಲ್ಲೆಡೆ ಬಳಕೆಯಲ್ಲಿದೆ. ದಬ್ಬಣದಿಂದ ಚುಚ್ಚಿದಂತೆ ಕಿರಿದಾಗಿ ಆಳಕ್ಕೆ ಇಳಿದದ್ದು ಒಂದು. ಇದರ ಬಾಯಿ 2 ಮಿಲಿಮೀಟರಿಗಿಂತ ಕಡಿಮೆ. ಸಿಡುಬಿನ ಕಲೆಯಂತೆ ಅಂಚು ಕಡಿದು ನಿಂತ ಅಗಲದ ತಗ್ಗು ಇನ್ನೊಂದು. ಅಂಚೇ ತಿಳಿಯದ ಹಾಗೆ ಅಲೆಅಲೆಯಾಗಿ ಕುಸಿದದ್ದು ಮೂರನೆಯದು. ಇದರಲ್ಲಿ ಚರ್ಮವನ್ನು ಒಳಗಿನ ಎಳೆಗಳು ಕೆಳಕ್ಕೆ ಜಗ್ಗಿ ಹಿಡಿದಿರುತ್ತವೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಕನ್ನಡಿಯೆದುರು ಕುಳಿತು, ಎರಡು ಬೆರಳಿನಿಂದ ಕೆನ್ನೆಯನ್ನು ಮೆಲ್ಲಗೆ ಹಿಗ್ಗಿಸಿ ನೋಡಿ. ಹಿಗ್ಗಿಸಿದಾಗ ಮರೆಯಾಗುವ ತಗ್ಗು ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಒಗ್ಗುತ್ತದೆ. ಹಿಗ್ಗಿಸಿದರೂ ಹಾಗೇ ಇರುವುದು ಹಟಮಾರಿ.

ಒಂದೇ ಮದ್ದು ಎಲ್ಲಕ್ಕೂ ಆಗದು

ಬಗೆ ತಿಳಿಯಬೇಕಾದ ಕಾರಣ ಇಷ್ಟೇ: ಒಂದೊಂದು ಬಗೆಗೆ ಒಂದೊಂದು ಉಪಾಯ. ದಬ್ಬಣದ ತೂತಿನಂಥ ಕುಳಿಗೆ ಟ್ರೈಕ್ಲೋರೋ ಅಸಿಟಿಕ್ ಆಮ್ಲವನ್ನು ಕಡ್ಡಿಯ ತುದಿಯಿಂದ ಆ ಕುಳಿಗಷ್ಟೇ ತಾಗಿಸುವ ವಿಧಾನವಿದೆ. ‘ಕ್ರಾಸ್’ ಎಂಬ ಹೆಸರಿನ ಇದನ್ನು 2002ರಲ್ಲಿ ಕೊರಿಯಾದ ವೈದ್ಯರು ಪ್ರಕಟಿಸಿದರು. ಇದಕ್ಕೆ ದೊಡ್ಡ ಯಂತ್ರ ಬೇಡ, ಪಳಗಿದ ಕೈ ಬೇಕು. ಒಳಗಿನಿಂದ ಜಗ್ಗಿದ ಅಲೆಯಂಥ ತಗ್ಗಿಗೆ, ಚರ್ಮದಡಿ ಸೂಜಿ ತೂರಿಸಿ ಆ ಎಳೆಗಳನ್ನು ಕತ್ತರಿಸುವ ‘ಸಬ್‌ಸಿಷನ್’ ಇದೆ. ಇದನ್ನು 1995ರಲ್ಲಿ ವಿವರಿಸಿದವರು ನ್ಯೂಯಾರ್ಕಿನ ಓರೆಂಟ್ರೈಖ್ ತಂದೆ–ಮಗ. ಅಗಲವಾದ, ಆಳವಿಲ್ಲದ ತಗ್ಗುಗಳಿಗೆ ಸಣ್ಣ ಸೂಜಿಗಳ ಮೈಕ್ರೋನೀಡ್ಲಿಂಗ್ ಮತ್ತು 2004ರ ಬಳಿಕ ಬಳಕೆಗೆ ಬಂದ ಫ್ರಾಕ್ಷನಲ್ ಲೇಸರ್ ನೆರವಾಗುತ್ತವೆ. ಗದ್ದ, ಎದೆ, ಭುಜದ ಮೇಲೆ ಗಂಟಿನಂತೆ ಉಬ್ಬಿದ ಕಲೆಗೆ ದಾರಿಯೇ ಬೇರೆ. ಅದಕ್ಕೆ ಸಾಮಾನ್ಯವಾಗಿ ಗಂಟಿನೊಳಗೇ ಸೂಜಿಮದ್ದು ಕೊಡುತ್ತಾರೆ.

ಒಬ್ಬರ ಮುಖದಲ್ಲೇ ಈ ಮೂರೂ ಬಗೆ ಬೆರೆತಿರುವುದು ಹೆಚ್ಚು. ಆದ್ದರಿಂದ ಬಂದವರಿಗೆಲ್ಲ ಒಂದೇ ಲೇಸರ್ ಹೇಳುವ ಕಡೆ ಸ್ವಲ್ಪ ನಿಂತು ಯೋಚಿಸಬೇಕು. ಲೇಸರಿನ ಬೆಳಕು ದಬ್ಬಣದ ತೂತಿನ ತಳಕ್ಕೆ ಮುಟ್ಟುವುದು ಕಷ್ಟ. ಹಣ ಕೊಟ್ಟ ಮೇಲೆ ‘ಏನೂ ಆಗಲಿಲ್ಲ’ ಎಂಬ ದೂರು ಹುಟ್ಟುವುದು ಅನೇಕ ಸಲ ಇಲ್ಲಿಯೇ.

ನಮ್ಮ ಮೈಬಣ್ಣದ ಮಾತನ್ನೂ ಮರೆಯಬಾರದು. ಕಂದು ಚರ್ಮ ಸುಟ್ಟರೂ ಕೆರೆದರೂ ಕಪ್ಪಾಗುತ್ತದೆ. ಬಿಳಿಯರ ಚರ್ಮಕ್ಕೆ ಹೊಂದುವ ಬಿರುಸಿನಲ್ಲಿ ಲೇಸರ್ ಹಾಯಿಸಿದರೆ ಕುಳಿಯ ಜೊತೆಗೆ ತಿಂಗಳುಗಟ್ಟಲೆ ಕಪ್ಪು ಕಲೆಯೂ ಉಳಿಯಬಹುದು. ‘ನಮ್ಮಂಥ ಚರ್ಮಕ್ಕೆ ಎಷ್ಟು ಮಂದಿಗೆ ಮಾಡಿದ್ದೀರಿ, ಕಪ್ಪಾಗದಂತೆ ಏನು ಎಚ್ಚರ ವಹಿಸುತ್ತೀರಿ?’ ಎಂದು ಕೇಳುವುದು ಅವಿನಯವಲ್ಲ.

ವೈದ್ಯರನ್ನು ಆರಿಸುವಾಗ

ಫಲಕದಲ್ಲಿ ‘ಸ್ಕಿನ್’ ಎಂಬ ಪದವಿದ್ದ ಮಾತ್ರಕ್ಕೆ ಒಳಗಿರುವವರು ಚರ್ಮತಜ್ಞರೆಂದು ತಿಳಿಯಬೇಡಿ. ಹೆಸರಿನ ಮುಂದೆ ಎಂ.ಬಿ.ಬಿ.ಎಸ್. ಆದ ಮೇಲೆ ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಡಿ.ವಿ.ಎಲ್. ಇದೆಯೇ ನೋಡಿ. ಕೆಲವು ವಾರದ ಕಾಸ್ಮೆಟಾಲಜಿ ಪ್ರಮಾಣಪತ್ರ ಇದಕ್ಕೆ ಸಮನಲ್ಲ. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ದವಾಖಾನೆಯಲ್ಲೂ ಚೀಟಿಯಲ್ಲೂ ಕಾಣಿಸಬೇಕೆಂಬುದು 2002ರ ವೈದ್ಯಕೀಯ ನೀತಿ ನಿಯಮ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಖಾಸಗಿ ದವಾಖಾನೆ ನೋಂದಣಿಯಾಗಿರಬೇಕು, ದರಗಳನ್ನೂ ಜನರಿಗೆ ತಿಳಿಸಬೇಕು. ಸಲಹೆ ಕೊಡುವವರು ತಜ್ಞರಾಗಿದ್ದು ಲೇಸರ್ ಹಿಡಿಯುವವರು ಬೇರೆ ಯಾರೋ ಆಗಿರುವುದೂ ಉಂಟು, ‘ಯಾರು ಮಾಡುತ್ತಾರೆ?’ ಎಂದು ಮೊದಲೇ ಕೇಳಿ.

ಒಳ್ಳೆಯ ವೈದ್ಯರು ನಿಮ್ಮನ್ನೂ ಪ್ರಶ್ನಿಸುತ್ತಾರೆ. ಹೊಸ ಮೊಡವೆ ಏಳುವುದು ನಿಂತಿದೆಯೇ? ನಿಂತಿರದಿದ್ದರೆ ಮೊದಲು ಅದರ ಚಿಕಿತ್ಸೆ. ಸೋರುವ ಮಾಳಿಗೆಯ ಕೆಳಗೆ ಗೋಡೆಗೆ ಸುಣ್ಣ ಬಳಿದು ಏನು ಫಲ? ಗಾಯವಾದರೆ ಗಂಟು ಕಟ್ಟುವ ಮೈಗುಣವೇ? ತುಟಿಯ ಮೇಲೆ ಪದೇ ಪದೇ ಸರ್ಪಸುತ್ತಿನಂಥ ಗುಳ್ಳೆ ಏಳುತ್ತವೆಯೇ? ಐಸೊಟ್ರೆಟಿನೋಯಿನ್ ಗುಳಿಗೆ ತೆಗೆದುಕೊಂಡಿದ್ದೀರಾ? ತೀವ್ರ ಮೊಡವೆಗೆ ಈ ಗುಳಿಗೆ ಬಲು ಉಪಯುಕ್ತ. ಆದರೆ ಗರ್ಭದಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡುವುದರಿಂದ ಹೆಣ್ಣುಮಕ್ಕಳು ವೈದ್ಯರ ಸೂಚನೆಯಿಲ್ಲದೆ ನುಂಗಲೇಬಾರದು. ಇದನ್ನು ನಿಲ್ಲಿಸಿ ಆರು ತಿಂಗಳು ಕಾಯಬೇಕೆಂಬುದು ಹಳೆಯ ರೂಢಿ. 2017ರಲ್ಲಿ ಅಮೆರಿಕದ ತಜ್ಞರು ಈ ನಿಯಮವನ್ನು ಹಲವು ಸೌಮ್ಯ ಚಿಕಿತ್ಸೆಗಳ ಮಟ್ಟಿಗೆ ಸಡಿಲಿಸಿದರು, ಎಲ್ಲಕ್ಕೂ ಅಲ್ಲ. ಗುಳಿಗೆಯ ವಿಷಯವನ್ನು ಮುಚ್ಚಿಡದೆ ಹೇಳಿ, ತೀರ್ಮಾನ ವೈದ್ಯರಿಗೆ ಬಿಡಿ.

ಔಷಧದಂಗಡಿಯಿಂದ ತಂದು ಹಚ್ಚಿದ ‘ಬೆಳ್ಳಗಾಗುವ’ ಮುಲಾಮಿನ ಕೊಳವೆಯನ್ನೂ ಜೊತೆಗೆ ಒಯ್ಯಿರಿ. ಇಂಥ ಹಲವು ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಅದು ಮೊದಲು ಮುಖವನ್ನು ನುಣುಪಾಗಿಸಿ, ಆಮೇಲೆ ಚರ್ಮ ತೆಳುವಾಗಿಸಿ, ಮೊಡವೆಯನ್ನೇ ಹೆಚ್ಚಿಸುತ್ತದೆ. ಚೀಟಿಯಿಲ್ಲದೆ ಇಂಥವುಗಳ ಮಾರಾಟ ತಡೆಯಲು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿತು. ಬಳಕೆ ಮಾತ್ರ ನಿಂತಿಲ್ಲ.

ಹಣ ಮತ್ತು ಕಾಲದ ಲೆಕ್ಕ

ಕುಳಿಯ ಚಿಕಿತ್ಸೆ ಒಂದೇ ಭೇಟಿಗೆ ಮುಗಿಯುವುದಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು. ಚರ್ಮದೊಳಗೆ ಹೊಸ ಹೆಣಿಗೆ ಕೂಡಲು ಇನ್ನೂ ಕೆಲವು ತಿಂಗಳು ಬೇಕು. ಪ್ರತಿ ಸಲವೂ ಕೆಲವು ದಿನ ಮುಖ ಕೆಂಪಾಗಿ, ಹೊಪ್ಪಳೆ ಕಟ್ಟಿರುತ್ತದೆ. ಹೀಗಾಗಿ ವೈಶಾಖದ ಮದುವೆಗೆ ಚೈತ್ರದಲ್ಲಿ ಲೇಸರ್ ಮಾಡಿಸುವುದು, ಪರೀಕ್ಷೆಯ ಹಿಂದಿನ ವಾರ ಮಾಡಿಸುವುದು ಎರಡೂ ತರವಲ್ಲ. ಬೈಕಿನಲ್ಲಿ ಬಿಸಿಲಲ್ಲಿ ಅಡ್ಡಾಡುವುದನ್ನು ಬಿಡಲಾಗದವರು ಮಳೆಗಾಲ, ಚಳಿಗಾಲವನ್ನು ಆರಿಸಿಕೊಳ್ಳುವುದು ಲೇಸು.

ಆರು ಸಲದ ಹಣವನ್ನು ಒಟ್ಟಿಗೆ ಮುಂಗಡ ಕಟ್ಟುವ ಅವಸರ ಬೇಡ. ಒಟ್ಟು ಎಷ್ಟು ಸಲ, ಒಂದಕ್ಕೆ ಎಷ್ಟು, ನಡುವೆ ನಿಲ್ಲಿಸಿದರೆ ಹಣದ ಗತಿಯೇನು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಆರೋಗ್ಯವಿಮೆ ಸಾಮಾನ್ಯವಾಗಿ ಇಂಥ ವೆಚ್ಚ ಕೊಡುವುದಿಲ್ಲ. ಕೈ ಬಿಗಿಯಿದ್ದವರು ಮೊದಲ ಸಲಹೆಯನ್ನು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಪಡೆಯಬಹುದು. ಸರದಿ ಉದ್ದವಿರುತ್ತದೆ, ಆದರೆ ಯಂತ್ರ ಮಾರುವ ಆತುರ ಅಲ್ಲಿ ಕಡಿಮೆ. ಚಿಕಿತ್ಸೆಗೆ ಮುನ್ನ ಒಂದೇ ಜಾಗ, ಒಂದೇ ಬೆಳಕಿನಲ್ಲಿ ಫೋಟೊ ತೆಗೆಸಿಟ್ಟುಕೊಳ್ಳಿ. ದಿನವೂ ಕನ್ನಡಿ ನೋಡುವವರಿಗೆ ನಿಧಾನದ ಬದಲಾವಣೆ ಗೊತ್ತಾಗುವುದಿಲ್ಲ.

ಎಷ್ಟು ಮಾಡಿದರೂ ಕುಳಿ ಪೂರ್ತಿ ಅಳಿಯುವುದಿಲ್ಲ. ಆಳ ಕಡಿಮೆಯಾಗುತ್ತದೆ, ನೆರಳು ತೆಳುವಾಗುತ್ತದೆ. ‘ನೂರಕ್ಕೆ ನೂರು’ ಎನ್ನುವವರಿಗಿಂತ ‘ಇಷ್ಟು ಆದೀತು, ಇಷ್ಟು ಉಳಿದೀತು’ ಎನ್ನುವವರನ್ನು ನಂಬಿ.

ಇನ್ನು ಪಾಲಕರಿಗೆ ಒಂದು ಮಾತು. ಮಗ ಫೋಟೊಕ್ಕೆ ನಿಲ್ಲಲು ಒಲ್ಲೆ ಎಂದರೆ, ಮಗಳು ಕೆನ್ನೆಯ ಮೇಲೆ ಕೂದಲು ಇಳಿಬಿಟ್ಟುಕೊಂಡೇ ಕಾಲೇಜಿಗೆ ಹೊರಟರೆ ಅದನ್ನು ಷೋಕಿ ಎಂದು ತಳ್ಳಿಹಾಕಬೇಡಿ. ಹತ್ತು ಜನರ ಮುಂದೆ ಕೆನ್ನೆಯ ಮಾತೆತ್ತಬೇಡಿ. ಮನಸ್ಸು ತೀರಾ ಕುಗ್ಗಿ ಓದು, ಊಟ, ನಿದ್ದೆ ಕೆಟ್ಟಿದ್ದರೆ ಆ ಮಾತನ್ನೂ ವೈದ್ಯರ ಮುಂದಿಡಿ. ಮನೆಯಲ್ಲಿ ಕಿರಿಯ ತಮ್ಮನಿಗೋ ತಂಗಿಗೋ ಈಗಷ್ಟೇ ನೋವಿನ, ಗಂಟಿನಂಥ ಮೊಡವೆ ಏಳುತ್ತಿದ್ದರೆ ಅವರನ್ನೂ ಅದೇ ದಿನ ಜೊತೆಗೆ ಕರೆದೊಯ್ಯಿರಿ. ಅಕ್ಕನ ಕುಳಿಗೆ ವರ್ಷಗಟ್ಟಲೆ ಹಣ ಸುರಿಯುವುದಕ್ಕಿಂತ ತಂಗಿಗೆ ಕುಳಿಯೇ ಬೀಳದಂತೆ ಈಗಲೇ ಮೊಡವೆಗೆ ಮದ್ದು ಮಾಡಿಸುವುದು ಸುಲಭ, ಅಗ್ಗ.