ಹುಟ್ಟುಗುರುತು ಮತ್ತು ಹೊರಗಿನ ಗಾಯ

ಹಳೆಯ ಬೆಳ್ಳಿಯ ನಾಣ್ಯವನ್ನು ತೂಕದಿಂದ ಬೆಲೆಕಟ್ಟುವುದು ನಮ್ಮ ಮನೆಗಳ ರೂಢಿ. ಆದರೆ ತೂಕವೂ ಒಂದೇ, ಇಸವಿಯೂ ಒಂದೇ ಆಗಿರುವ ಎರಡು ನಾಣ್ಯಗಳಲ್ಲಿ ಒಂದಕ್ಕೆ ಮಾತ್ರ ಬಲ್ಲವರು ಹೆಚ್ಚು ಬೆಲೆ ಕೊಡುವುದುಂಟು. ಇದರ ಮರ್ಮವನ್ನರಿಯಲು ಅಮೆರಿಕದ ಮಾರ್ಗನ್ ಡಾಲರು ಒಳ್ಳೆಯ ನಿದರ್ಶನ.

ಜಾರ್ಜ್ ಮಾರ್ಗನ್ ಎಂಬ ಕೆತ್ತನೆಗಾರನು ರೂಪಿಸಿದ ಈ ನಾಣ್ಯವು 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ, ಚಲಾವಣೆಗಾಗಿ ಟಂಕಿತವಾಯಿತು. ತೂಕ 26.73 ಗ್ರಾಂ, ಅದರಲ್ಲಿ ನೂರಕ್ಕೆ 90 ಪಾಲು ಬೆಳ್ಳಿ. ಒಂದು ಮುಖದಲ್ಲಿ ಸ್ವಾತಂತ್ರ್ಯದೇವಿ, ಇನ್ನೊಂದರಲ್ಲಿ ಹದ್ದು. ಟಂಕಸಾಲೆಯ ಗುರುತಿನ ಅಕ್ಷರವನ್ನು ಪ್ರತಿಯೊಂದು ಅಚ್ಚಿನ ಮೇಲೂ ಕೈಯಿಂದಲೇ ಒತ್ತುತ್ತಿದ್ದುದರಿಂದ ಅಚ್ಚಿನಿಂದ ಅಚ್ಚಿಗೆ ಭೇದವುಳಿಯಿತು. 1878ರ ಮೊದಲ ನಾಣ್ಯಗಳಲ್ಲಿ ಹದ್ದಿನ ಬಾಲಕ್ಕೆ ಎಂಟು ಗರಿಗಳು. ಅವುಗಳನ್ನು ಏಳಕ್ಕಿಳಿಸಿದಾಗ ಕೆಲವು ಹಳೆಯ ಅಚ್ಚುಗಳ ಮೇಲೆಯೇ ಹೊಸ ಚಿತ್ರವನ್ನೊತ್ತಿದರು. ಏಳು ಗರಿಗಳ ಕೆಳಗೆ ಹಳೆಯ ಗರಿಗಳ ತುದಿ ಇಣುಕುತ್ತದೆ. ಕಾರ್ಸನ್ ಸಿಟಿಯಲ್ಲಿ 1893ರ ನಂತರ ನಾಣ್ಯ ಟಂಕಿಸುವುದು ನಿಂತಿತು. ಅದರ 'ಸಿಸಿ' ಗುರುತಿದ್ದ ಕೆಲವು ಅಚ್ಚುಗಳ ಮೇಲೆ ನ್ಯೂ ಆರ್ಲಿಯನ್ಸಿನ 'ಓ' ಅಕ್ಷರವನ್ನೊತ್ತಿ 1900ರಲ್ಲಿ ಬಳಸಿದರು. ಇಂತಹ ಭೇದಗಳನ್ನು ವ್ಯಾನ್ ಆಲೆನ್ ಮತ್ತು ಮಾಲಿಸ್ ಎಂಬ ಇಬ್ಬರು ವಿದ್ವಾಂಸರು ಪಟ್ಟಿಮಾಡಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಬಂದ 'ವ್ಯಾಮ್' ಸಂಖ್ಯೆಯಿಂದಲೇ ಇಂದು ಪ್ರತಿಯೊಂದು ಭೇದವನ್ನೂ ಗುರುತಿಸುತ್ತಾರೆ.

ಕುಂದನ್ನು ಪರೀಕ್ಷಿಸುವಾಗ ನಾವು ನೆನಪಿಡಬೇಕಾದ ಸೂತ್ರ ಸರಳವಾದುದು. ಅಚ್ಚಿನಲ್ಲಿ ತಗ್ಗಾದುದು ನಾಣ್ಯದಲ್ಲಿ ಉಬ್ಬುತ್ತದೆ. ಆದುದರಿಂದ ಅಚ್ಚು ಬಿರಿದಿದ್ದರೆ ನಾಣ್ಯದ ಮೇಲೆ ಉಬ್ಬಿದ ಸಣ್ಣ ಗೆರೆ ಮೂಡುತ್ತದೆ. ತಗ್ಗಾದ ಗೆರೆಯಾದರೆ ಅದು ಸಾಮಾನ್ಯವಾಗಿ ಆಮೇಲೆ ಬಿದ್ದ ಗೀರು. ಅಚ್ಚೇ ಇಮ್ಮಡಿಸಿದ್ದರೆ ಎರಡನೆಯ ರೇಖೆಯೂ ದುಂಡಗೆ ಎದ್ದಿರುತ್ತದೆ. 1888ರ ನ್ಯೂ ಆರ್ಲಿಯನ್ಸ್ ಡಾಲರೊಂದರಲ್ಲಿ ದೇವಿಯ ತುಟಿಗಳೇ ಇಮ್ಮಡಿಯಾಗಿವೆ. ಟಂಕಿಸುವಾಗ ಅಚ್ಚು ಅಲುಗಿದ್ದರೆ ಕಾಣುವುದು ಚಪ್ಪಟೆಯಾದ ಮೆಟ್ಟಿಲು ಮಾತ್ರ. ಅದಕ್ಕೆ ವಿಶೇಷ ಬೆಲೆಯಿಲ್ಲ. ನಡುವೆ ಬಿಲ್ಲೆಯಿಲ್ಲದೆ ಅಚ್ಚುಗಳೆರಡೂ ಡಿಕ್ಕಿಯಾದರೆ ಒಂದರ ಚಿತ್ರ ಇನ್ನೊಂದಕ್ಕೆ ಅಂಟುತ್ತದೆ. 1889ರ ನ್ಯೂ ಆರ್ಲಿಯನ್ಸ್ ಡಾಲರೊಂದರಲ್ಲಿ ದೇವಿಯ ಕಿರೀಟದ ಪಟ್ಟಿಯ ಮೇಲಿನ 'ಇ' ಅಕ್ಷರ ಹದ್ದಿನ ಬಾಲದ ಕೆಳಗೆ ಮೂಡಿರುವುದು ಹೀಗೆಯೇ.

ಈ ಡಾಲರಿಗೂ ನಮ್ಮ ನಾಡಿಗೂ ಒಂದು ನಂಟುಂಟು. 1918ರ ಪಿಟ್‌ಮನ್ ಕಾಯಿದೆಯ ಮೇರೆಗೆ 27 ಕೋಟಿಗೂ ಮಿಕ್ಕ ಬೆಳ್ಳಿಯ ಡಾಲರುಗಳನ್ನು ಕರಗಿಸಿದರು. ಅದರ ಬಹುಪಾಲನ್ನು ಬ್ರಿಟಿಷರು ಕೊಂಡು, ರೂಪಾಯಿ ಟಂಕಿಸಲು ಬೆಳ್ಳಿ ಸಾಲದಾಗಿದ್ದ ಭಾರತಕ್ಕೆ ತರಿಸಿದರು. ಯಾವ ಇಸವಿಯವು ಎಷ್ಟು ಕರಗಿದವೆಂಬ ಲೆಕ್ಕವನ್ನಿಡಲಿಲ್ಲ. ಆದುದರಿಂದ ಉಳಿದ ನಾಣ್ಯಗಳ ಗುರುತುಗಳೇ ಇಂದು ನಮಗೆ ಸಾಕ್ಷಿ.

ಆ ಸಾಕ್ಷಿಯನ್ನು ಅಳಿಸುವವರು ಹೆಚ್ಚಾಗಿ ನಾವೇ. ಪೂಜೆಯ ಬೆಳ್ಳಿಗೆ ಸಲ್ಲುವ ಹುಣಸೆಹಣ್ಣು, ವಿಭೂತಿ ಹಳೆಯ ನಾಣ್ಯಕ್ಕೆ ಸಲ್ಲವು. ಉಜ್ಜಿದೊಡನೆ ಹೊಳಪು ಬಂದೀತು. ನವಿರಾದ ಗೆರೆಗಳು ಸವೆದು ಹೊಸ ಗೀರುಗಳು ಬಿದ್ದಾವು. ಆದುದರಿಂದ ಹಿರಿಯರ ಪೆಟ್ಟಿಗೆಯಲ್ಲಿ ಡಾಲರಾಗಲಿ ರೂಪಾಯಿಯಾಗಲಿ ದೊರೆತರೆ ಅಂಚನ್ನಷ್ಟೇ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಬಲ್ಲವರಿಗೆ ತೋರಿಸೋಣ. ಅದು ಅಕ್ಕಸಾಲಿಗನ ತಕ್ಕಡಿಗೆ ಹೋಗುವುದು ಆಮೇಲಿನ ಮಾತಾಗಲಿ.