ಅಡಿಗೆಮನೆಯ ಶೋಧಕವೂ ಊರಿನ ನೀರೂ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹೊಸದಾಗಿ ಒಕ್ಕಲು ಬರುವ ಸಂಸಾರವು ಹಾಲುಕ್ಕಿಸುವುದಕ್ಕೆ ಮೊದಲೇ ಅಡಿಗೆಮನೆಯ ಗೋಡೆಗೆ ನೀರಿನ ಶೋಧಕಯಂತ್ರವೊಂದನ್ನು ತಗುಲಿಸುವುದು ಈಗ ರೂಢಿಯಾಗಿದೆ. ಈ ರೂಢಿಯು ರಾಜಧಾನಿಯಲ್ಲಿಯೇ ನಿಲ್ಲದೆ ಕೋಲಾರದ ಸೀಮೆಗೂ ಹಬ್ಬಿರುವುದು. ಸುಗಟೂರಿನಂತಹ ಹೋಬಳಿ ಊರುಗಳಲ್ಲಿ ಅನುಕೂಲವುಳ್ಳವರು ಯಂತ್ರವನ್ನು ಕೊಳ್ಳುತ್ತಿರುವರು; ಅಷ್ಟು ಅನುಕೂಲವಿಲ್ಲದವರು ಶುದ್ಧನೀರಿನ ಘಟಕದ ಮುಂದೆ ಕ್ಯಾನು ಹಿಡಿದು ಸಾಲುಗಟ್ಟುತ್ತಿರುವರು; ಅದಕ್ಕೂ ಕೈಲಾಗದವರು ನಲ್ಲಿಯಲ್ಲಿ ಬಂದುದನ್ನೇ ಕುಡಿಯುತ್ತಿರುವರು. ಒಂದೇ ಊರಿನ ಜನರು ಹೀಗೆ ಮೂರು ಬಗೆಯ ನೀರನ್ನು ಕುಡಿಯುವಂತಾಗಿರುವುದು ಸಾಮಾನ್ಯ ಸಂಗತಿಯಲ್ಲ. ಅಡಿಗೆಮನೆಯ ಒಂದು ಸಾಮಾನಿನ ವಿಚಾರವನ್ನು ನಾವು ಈ ಅಂಕಣಕ್ಕೆ ತಂದಿರುವುದು ಈ ಕಾರಣದಿಂದಲೇ.

ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲ. ಪಾಲಾರ್ ಹೊಳೆಯು ಈ ಜಿಲ್ಲೆಯಲ್ಲಿಯೇ ಹಾದುಹೋಗುವುದಾದರೂ ಬಹುಕಾಲ ಅದು ಮರಳಿನ ಹಾದಿಯೇ ಹೊರತು ನೀರಿನ ಹಾದಿಯಲ್ಲ. ಆದುದರಿಂದ ನಮ್ಮ ಪೂರ್ವಿಕರು ಕೆರೆಗಳನ್ನು ನಂಬಿದರು; ಒಂದರ ಕೋಡಿಯು ಮತ್ತೊಂದನ್ನು ತುಂಬುವಂತೆ ಸಾವಿರಾರು ಕೆರೆಗಳನ್ನು ಕಟ್ಟಿದರು. ಸುಗಟೂರಿನ ಪಾಳೆಯಗಾರರ ಮನೆತನದ ತಮ್ಮೇಗೌಡನು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಸಕೋಟೆಯ ಕೋಟೆಯನ್ನೂ ಅಲ್ಲಿನ ವಿಶಾಲವಾದ ಕೆರೆಯನ್ನೂ ಕಟ್ಟಿಸಿದನೆಂಬುದು ಇತಿಹಾಸ. ಪ್ರಜೆಗಳ ನೀರು ಆಳುವವರ ಹೊಣೆಯೆಂಬ ತಿಳಿವಳಿಕೆಯು ಈ ಊರಿಗೆ ಹೊಸದಲ್ಲವೆಂಬುದನ್ನು ಜ್ಞಾಪಿಸುವುದಕ್ಕಾಗಿ ಮಾತ್ರ ನಾವು ಇದನ್ನು ಹೇಳಿದೆವು.

ಕೆರೆಗಳು ಹೂಳಿನಿಂದ ತುಂಬಿ, ತೆರೆದ ಬಾವಿಗಳು ಒಣಗಿದ ಮೇಲೆ ಜನರು ಕೊಳವೆ ಬಾವಿಗಳನ್ನು ಕೊರೆದರು. ನೂರಾರು ಅಡಿಗಳಲ್ಲಿ ಸಿಕ್ಕುತ್ತಿದ್ದ ನೀರಿಗಾಗಿ ಈಗ ಎಷ್ಟೋ ಕಡೆ ಸಾವಿರ ಅಡಿಗಳನ್ನು ದಾಟಬೇಕಾಗಿದೆ. ಈ ನೆಲದ ಅಡಿಯಲ್ಲಿರುವುದು ಗ್ರಾನೈಟ್ ಜಾತಿಯ ಪುರಾತನ ಶಿಲೆ. ಬಹುಕಾಲ ಅದರ ಬಿರುಕುಗಳಲ್ಲಿ ನಿಂತ ನೀರು ಅದರೊಳಗಿನ ಫ್ಲೋರೈಡನ್ನು ತನ್ನಲ್ಲಿ ಕರಗಿಸಿಕೊಂಡಿರುವುದು. ಭಾರತೀಯ ಮಾನಕ ಸಂಸ್ಥೆಯ ೨೦೧೨ರ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ ೧ ಮಿಲಿಗ್ರಾಮಿನೊಳಗೆ ಇರತಕ್ಕದ್ದು. ಬೇರೆ ನೀರೇ ದೊರೆಯದ ಪಕ್ಷದಲ್ಲಿ ೧.೫ ಮಿಲಿಗ್ರಾಮಿನವರೆಗೆ ಸಹಿಸಬಹುದು. ಮಿತಿ ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳು ಕಂದು ಕಲೆಗಟ್ಟುವುವು. ಇನ್ನೂ ಹೆಚ್ಚಿನ ಪ್ರಮಾಣವುಳ್ಳ ನೀರನ್ನು ಅನೇಕ ವರ್ಷ ಕುಡಿದವರ ಕೀಲುಗಳು ಬಿಗಿದು ಬೆನ್ನು ಬಾಗುವುದು. ಒಮ್ಮೆ ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧವಿಲ್ಲ. ಈ ರೋಗವು ನಮ್ಮ ದೇಶದಲ್ಲಿ ಮೊದಲು ದಾಖಲಾದುದು ೧೯೩೭ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಅಂದಿನಿಂದ ಎಂಬತ್ತು ವರ್ಷಗಳಿಗೂ ಮಿಕ್ಕಿ ಕಳೆದಿವೆ. ಇದು ತಿಳಿಯದೆ ಬಂದ ವಿಪತ್ತೆಂದು ಹೇಳಿಕೊಳ್ಳುವ ಅವಕಾಶವು ಯಾರಿಗೂ ಇಲ್ಲ.

ಹೀಗಿರುವಾಗ ಗೃಹಸ್ಥನು ತನ್ನ ಮಕ್ಕಳಿಗಾಗಿ ಶೋಧಕವನ್ನು ಕೊಂಡರೆ ಅವನನ್ನು ದೂರುವವರು ನಾವಲ್ಲ. ಆದರೆ ಕೊಳ್ಳುವವನು ಏನನ್ನು ಕೊಳ್ಳುತ್ತಿರುವನೆಂಬುದನ್ನು ತಿಳಿದಿರಬೇಕು. ಅಜ್ಜಿಯರು ಬಟ್ಟೆಯಲ್ಲಿ ಸೋಸಿ, ಚಿಲ್ಲದ ಬೀಜವನ್ನು ತೇಯ್ದು ಕದಡಿ, ನೀರನ್ನು ತಿಳಿಯಾಗಿಸುತ್ತಿದ್ದರು. ಇದರಿಂದ ಮಣ್ಣು ತಳಕ್ಕಿಳಿಯುವುದು, ಫ್ಲೋರೈಡು ಇಳಿಯದು. ಕುದಿಸುವುದರಿಂದ ರೋಗಾಣುಗಳು ಸಾಯುವುವು. ಫ್ಲೋರೈಡು ಸಾಯುವ ವಸ್ತುವಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುವುದೇ ಸರಿ. ಮೇಣದಬತ್ತಿಯಾಕಾರದ ಶೋಧಕವೂ ನೇರಳಾತೀತ ಕಿರಣದ ಯಂತ್ರವೂ ಅದನ್ನು ಮುಟ್ಟಲಾರವು. ಸೂಕ್ಷ್ಮವಾದ ಪೊರೆಯ ಮೂಲಕ ನೀರನ್ನು ಒತ್ತಡದಿಂದ ನೂಕುವ ಆರ್‌.ಓ. ಯಂತ್ರ, ಅಥವಾ ಸಕ್ರಿಯ ಅಲ್ಯೂಮಿನದ ಶೋಧಕ, ಇಂತಹವು ಮಾತ್ರವೇ ಅದನ್ನು ತೆಗೆಯಬಲ್ಲವು. ಇವುಗಳಲ್ಲಿಯೂ ಪೊರೆಯನ್ನಾಗಲಿ ಅಲ್ಯೂಮಿನವನ್ನಾಗಲಿ ಕಾಲಕಾಲಕ್ಕೆ ಬದಲಿಸದೆ ಹೋದರೆ ಯಂತ್ರವು ಗೋಡೆಯ ಅಲಂಕಾರವಾಗಿ ಉಳಿಯುವುದಷ್ಟೆ.

ಈ ಅಜ್ಞಾನವನ್ನು ಬಂಡವಾಳವಾಗಿ ಮಾಡಿಕೊಂಡಿರುವ ಕೆಲವು ಮಾರಾಟಗಾರರ ರೀತಿಯನ್ನು ನಾವು ಇಲ್ಲಿ ಖಂಡಿಸದೆ ಇರಲಾರೆವು. ಅವರು ಲೇಖನಿಯಂತಹ ಮೀಟರೊಂದನ್ನು ನಲ್ಲಿಯ ನೀರಿನಲ್ಲಿ ಅದ್ದಿ, ಅಂಕಿಯನ್ನು ತೋರಿಸಿ, ಇದು ವಿಷವೆಂದು ಹೆದರಿಸುವರು. ಆ ಮೀಟರು ಅಳೆಯುವುದು ನೀರಿನಲ್ಲಿ ಕರಗಿದ ಲವಣಗಳೆಲ್ಲದರ ಒಟ್ಟು ಅಂದಾಜನ್ನು ಮಾತ್ರ. ಅದರಲ್ಲಿ ಫ್ಲೋರೈಡು ಎಷ್ಟು, ದೇಹಕ್ಕೆ ಬೇಕಾದ ಸುಣ್ಣದಂಶವೆಷ್ಟು ಎಂಬುದನ್ನು ಅದು ಹೇಳಲಾರದು. ಅಂಕಿ ಕಡಿಮೆಯಿದ್ದ ನೀರಿನಲ್ಲಿ ಫ್ಲೋರೈಡು ಹೆಚ್ಚಿರಬಹುದು. ಅಂಕಿ ಹೆಚ್ಚಿದ್ದುದರಲ್ಲಿ ಕಡಿಮೆಯಿರಬಹುದು. ಮತ್ತೆ ಕೆಲವರು ಎರಡು ಲೋಹದ ಕಡ್ಡಿಗಳನ್ನು ನೀರಿನಲ್ಲಿಳಿಸಿ ವಿದ್ಯುತ್ತನ್ನು ಹರಿಯಿಸುವರು, ನೀರು ಕಂದುಬಣ್ಣಕ್ಕೆ ತಿರುಗುವುದು, ಗೃಹಿಣಿಯು ಬೆಚ್ಚುವಳು. ಆ ಕೊಳೆಯು ಬಂದುದು ನೀರಿನಿಂದಲ್ಲ, ಕಬ್ಬಿಣದ ಕಡ್ಡಿಯಿಂದ. ಕಡ್ಡಿಯು ಕರಗಿ ತುಕ್ಕಾಗುವುದನ್ನು ನೀರಿನ ದೋಷವೆಂದು ತೋರಿಸುವುದು ವ್ಯಾಪಾರವಲ್ಲ, ವಂಚನೆ.

ಬೆಂಗಳೂರಿನ ಅಡಿಗೆಮನೆಯ ಮಾತಿಗೆ ಬರೋಣ. ಅಲ್ಲಿಗೆ ಬರುವ ಕಾವೇರಿಯ ನೀರಿನಲ್ಲಿ ಕರಗಿದ ಲವಣವು ಮಾನಕವು ಒಪ್ಪುವ ಲೀಟರಿಗೆ ೫೦೦ ಮಿಲಿಗ್ರಾಮಿಗಿಂತ ಬಹಳ ಕಡಿಮೆ. ೨೦೨೪ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತವು ಉದ್ಘಾಟನೆಯಾಗಿ, ದಿನಕ್ಕೆ ೭೭.೫ ಕೋಟಿ ಲೀಟರ್ ನೀರನ್ನು ನಗರದ ಹೊರವಲಯದ ೧೧೦ ಹಳ್ಳಿಗಳಿಗಾಗಿ ತರುವ ಏರ್ಪಾಡಾಯಿತು. ಈ ನೀರು ಬರುವ ಮನೆಯಲ್ಲಿ ಆರ್‌.ಓ. ಯಂತ್ರಕ್ಕೆ ಕೆಲಸವಿಲ್ಲ, ಕುದಿಸುವುದೋ ನೇರಳಾತೀತ ಯಂತ್ರವೋ ಸಾಕು. ಮನೆಯ ಸಾಧಾರಣ ಆರ್‌.ಓ. ಯಂತ್ರವು ಒಂದು ಕೊಡ ನೀರನ್ನು ಕೊಡುವುದಕ್ಕಾಗಿ ಎರಡು ಮೂರು ಕೊಡಗಳನ್ನು ಚರಂಡಿಗೆ ಬಿಡುವುದೆಂಬುದನ್ನು ಎಷ್ಟು ಮಂದಿ ಬಲ್ಲರು? ೨೦೧೯ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಲವಣವು ೫೦೦ ಮಿಲಿಗ್ರಾಮಿಗಿಂತ ಕಡಿಮೆಯಿರುವ ಕಡೆ ಈ ಯಂತ್ರವನ್ನು ನಿಷೇಧಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿದುದು ಈ ವ್ಯರ್ಥವನ್ನು ಕಂಡೇ. ಕೊಳವೆ ಬಾವಿಯನ್ನೂ ಟ್ಯಾಂಕರನ್ನೂ ನಂಬಿರುವ ಅಪಾರ್ಟ್‌ಮೆಂಟುಗಳ ಸ್ಥಿತಿ ಬೇರೆ. ಅಲ್ಲಿ ಗಡಸು ನೀರನ್ನು ಮೆದುಗೊಳಿಸುವ ದೊಡ್ಡ ಯಂತ್ರಗಳಿರುವುವು. ಅವುಗಳನ್ನು ಮತ್ತೆ ಮತ್ತೆ ಸಜ್ಜುಗೊಳಿಸುವುದಕ್ಕಾಗಿ ಉಪ್ಪನ್ನು ಮೂಟೆಗಟ್ಟಲೆ ಸುರಿಯುವರು. ಆ ಉಪ್ಪೂ ಚರಂಡಿಗೇ ಇಳಿಯುವುದು.

ಚರಂಡಿಗಿಳಿದ ನೀರು ಎಲ್ಲಿಗೆ ಹೋಗುವುದೆಂಬುದನ್ನು ಕೋಲಾರದ ರೈತನಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ ೪೪ ಕೋಟಿ ಲೀಟರಿನಂತೆ ಈ ಸೀಮೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಯಿಸುವ ಕೆ.ಸಿ. ವ್ಯಾಲಿ ಯೋಜನೆಯ ಮೊದಲ ನೀರು ೨೦೧೮ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರದ ಕೆರೆಯನ್ನು ಸೇರಿತು. ಮರು ತಿಂಗಳೇ ನೊರೆ ಕಾಣಿಸಿತು, ಹೈಕೋರ್ಟು ತಡೆಯಿತ್ತಿತು, ಆಮೇಲೆ ಅದು ತೆರವಾಯಿತು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಿತ್ತಿತು. ಅದೂ ಅದೇ ವರ್ಷ ತೆರವಾಯಿತು. ಒಣಗಿದ ಕೆರೆಗಳಲ್ಲಿ ನೀರು ನಿಂತು, ಬತ್ತಿದ ಕೊಳವೆ ಬಾವಿಗಳು ಜೀವಗೊಂಡುದು ಕೃತಜ್ಞತೆಯಿಂದ ನೆನೆಯತಕ್ಕ ವಿಷಯವೇ. ಆದರೆ ಎರಡನೆಯ ಹಂತದವರೆಗಿನ ಸಂಸ್ಕರಣವು ಕೊಳೆಯನ್ನು ಕಳೆಯುವುದೇ ಹೊರತು ಕರಗಿದ ಉಪ್ಪನ್ನು ಕಳೆಯಲಾರದು. ಮೂರನೆಯ ಹಂತದ ಸಂಸ್ಕರಣವಾಗಬೇಕೆಂಬ ಕೋಲಾರದ ಜನರ ಬೇಡಿಕೆಯು ನ್ಯಾಯವಾದುದು. ಅದೂ ಉಪ್ಪನ್ನೆಲ್ಲ ತೆಗೆದುಬಿಡುವುದೆಂದು ತಿಳಿಯಬಾರದು. ಆದುದರಿಂದ ಮಹಡಿಯ ಮೇಲೆ ಸುರಿದ ಉಪ್ಪನ್ನು ಮಹಡಿಯಲ್ಲಿಯೇ ತಡೆಯುವುದು ಮೇಲು. ನಗರದ ಅಡಿಗೆಮನೆಗೂ ಹಳ್ಳಿಯ ಬಾವಿಗೂ ನಡುವೆ ಈಗ ಕೊಳವೆಯೇ ಹಾಕಲ್ಪಟ್ಟಿದೆ. ಒಬ್ಬನು ಚೆಲ್ಲಿದುದು ಮತ್ತೊಬ್ಬನ ನೆಲಕ್ಕೆ ಇಂಗುವುದು.

ಕೊಳ್ಳುವ ಶಕ್ತಿಯುಳ್ಳವರು ಕೊಳ್ಳಲಿ, ಸರ್ಕಾರವು ಎಲ್ಲವನ್ನೂ ಮಾಡಲಾಗುವುದೇ ಎಂದು ಕೆಲವರು ವಾದಿಸುವರು. ಈ ವಾದವು ಹೊರನೋಟಕ್ಕೆ ಸಮಂಜಸವಾಗಿ ತೋರಿದರೂ ಅದರೊಳಗೆ ದೊಡ್ಡ ಅಪಾಯವಿದೆ. ಪಂಚಾಯಿತಿಯ ಸದಸ್ಯನ ಮನೆಯಲ್ಲಿ, ಉಪಾಧ್ಯಾಯನ ಮನೆಯಲ್ಲಿ, ಅಧಿಕಾರಿಯ ಮನೆಯಲ್ಲಿ ಶೋಧಕವು ಬಂದ ದಿನವೇ ಊರಿನ ನಲ್ಲಿಯ ನೀರಿನ ಮೇಲೆ ಅವರ ಆಸಕ್ತಿಯು ತಪ್ಪುವುದು. ದೂರು ಕೊಡಬಲ್ಲವರು ದೂರಬೇಕಾದ ನೀರನ್ನು ಕುಡಿಯದವರಾಗುವರು. ಕುಡಿಯುವವರಿಗೆ ದೂರನ್ನು ಕೊಡುವ ಬಲವಿರದು. ಶುದ್ಧನೀರಿನ ಘಟಕವು ಕೆಟ್ಟು ನಿಂತರೆ ತಿಂಗಳುಗಟ್ಟಲೆ ಹಾಗೆಯೇ ನಿಲ್ಲುವುದರ ಗುಟ್ಟು ಇದೇ. ಕೂಲಿಯವನ ಮಗುವಿನ ಹಲ್ಲು ಕಂದಾಗುವುದನ್ನು ಶೋಧಕವುಳ್ಳ ಮನೆಯು ತಡೆಯಲಾರದು.

ಮನೆಯ ಶೋಧಕವೇ ಕೀಳೆಂದು ಇದರಿಂದ ಯಾರೂ ತಿಳಿಯಬಾರದು. ನಾರುಹುಣ್ಣಿನ ಕಥೆಯನ್ನು ನೆನೆಯೋಣ. ಮೆಟ್ಟಿಲುಬಾವಿಗಳ ನೀರಿನಿಂದ ಹರಡುತ್ತಿದ್ದ ಆ ರೋಗವು ಕರ್ನಾಟಕದ ಹಳ್ಳಿಗಳಲ್ಲಿಯೂ ಇದ್ದಿತು. ಅದಕ್ಕೆ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. ಆದರೂ ದೇಶದಲ್ಲಿ ಕೊನೆಯ ರೋಗಿಯು ಕಂಡುಬಂದುದು ೧೯೯೬ರಲ್ಲಿ. ೨೦೦೦ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಆ ರೋಗದಿಂದ ಮುಕ್ತವೆಂದು ಸಾರಿತು. ಮುಖ್ಯವಾಗಿ ಬಳಸಿದ ಸಾಧನಗಳಲ್ಲೊಂದು ಸೋಸುವ ಬಟ್ಟೆ. ಆ ಬಟ್ಟೆಯು ಗೆದ್ದುದು ಕೊಂಡವರ ಮನೆಯಲ್ಲಿ ಮಾತ್ರ ಇದ್ದುದರಿಂದಲ್ಲ. ಸರ್ಕಾರವು ಊರೂರಿಗೂ ಹೋಗಿ, ರೋಗಿಗಳನ್ನು ಹುಡುಕಿ, ಬಾವಿಗಳನ್ನು ಸರಿಪಡಿಸಿ, ಪ್ರತಿಯೊಂದು ಮನೆಯಲ್ಲಿಯೂ ಸೋಸುವುದನ್ನು ಕಲಿಸಿದುದರಿಂದ. ಮನೆಯ ಸಾಧನದ ಹಿಂದೆ ಸಾರ್ವಜನಿಕ ಶಕ್ತಿಯು ನಿಂತರೆ ಏನಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದುದರಿಂದ ನಮ್ಮ ಸೂಚನೆಗಳು ಹೀಗಿವೆ. ಮೊದಲನೆಯದಾಗಿ, ಪರೀಕ್ಷೆಯು ಮೊದಲು, ಯಂತ್ರವು ಆಮೇಲೆ. ಅಕ್ಕಪಕ್ಕದ ಎರಡು ಕೊಳವೆ ಬಾವಿಗಳ ನೀರೇ ಬೇರೆ ಬೇರೆಯಾಗಿರುವುದರಿಂದ ಸುಗಟೂರು ಹೋಬಳಿಯ ಪ್ರತಿಯೊಂದು ಕುಡಿಯುವ ನೀರಿನ ಮೂಲವನ್ನೂ ವರ್ಷಕ್ಕೆ ಎರಡು ಸಲ ಫ್ಲೋರೈಡಿಗಾಗಿ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಬೇಕು. ೨೦೧೯ರಲ್ಲಿ ಪ್ರಾರಂಭವಾದ ಜಲಜೀವನ ಅಭಿಯಾನದಲ್ಲಿ ಹಳ್ಳಿಗೆ ಐದು ಮಂದಿ ಸ್ತ್ರೀಯರಿಗೆ ನೀರಿನ ಪರೀಕ್ಷೆಯನ್ನು ಕಲಿಸುವ ಏರ್ಪಾಡಿದೆ. ಆ ಏರ್ಪಾಡು ಕಾಗದದಿಂದ ಬಾವಿಯ ಕಟ್ಟೆಗೆ ಬರಲಿ. ಎರಡನೆಯದಾಗಿ, ಶುದ್ಧನೀರಿನ ಘಟಕವು ಹೊರಬಿಡುವ ನೀರಿನಲ್ಲಿ ಫ್ಲೋರೈಡು ಇನ್ನಷ್ಟು ಗಟ್ಟಿಯಾಗಿರುವುದು. ಅದನ್ನು ಅದೇ ಕೊಳವೆ ಬಾವಿಯ ಪಕ್ಕದ ಗುಂಡಿಗೆ ಇಂಗಿಸುವುದು ತೆಗೆದ ವಿಷವನ್ನು ಮತ್ತೆ ತುಂಬಿದಂತೆ. ಅದಕ್ಕೆ ಬೇರೆ ದಾರಿಯನ್ನು ಮಾಡಬೇಕು. ಕೆಟ್ಟ ಘಟಕವು ಇಷ್ಟು ದಿನಗಳೊಳಗೆ ದುರಸ್ತಾಗಬೇಕೆಂಬ ಅವಧಿಯನ್ನೂ ಅದಕ್ಕೆ ಹೊಣೆಗಾರನನ್ನೂ ಗೊತ್ತುಪಡಿಸಬೇಕು. ಮೂರನೆಯದಾಗಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಸಂಘದವರು ಕಾವೇರಿ ನೀರು ಬರುವ ಮನೆಗಳಲ್ಲಿ ಆರ್‌.ಓ. ಯಂತ್ರವನ್ನು ಬಿಡುವಂತೆ ತಮ್ಮವರಿಗೆ ತಿಳಿಯಹೇಳಬೇಕು. ಬೇಕಾದ ಕಡೆ ಅದು ಹೊರಬಿಡುವ ನೀರನ್ನು ನೆಲ ಒರಸುವುದಕ್ಕೂ ಶೌಚಕ್ಕೂ ಬಳಸುವಂತೆ ಏರ್ಪಡಿಸಬೇಕು. ಉಪ್ಪಿನ ಮೂಟೆಗಳನ್ನು ಕಡಿಮೆ ಮಾಡಬೇಕು.

ಕೊನೆಯದಾಗಿ, ಬರುವ ನೀರಿನ ಮಾತು. ಮಾರ್ಕಂಡೇಯ ನದಿಗೆ ಅಡ್ಡಲಾಗಿ ಕಟ್ಟಿದ ಯರಗೋಳ್ ಅಣೆಕಟ್ಟು ೨೦೨೩ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಅದು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳನ್ನು ಉದ್ದೇಶಿಸಿದುದು. ೨೦೧೪ರಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ಮೊದಲ ಹಂತದ ಉದ್ಘಾಟನೆಗೆ ೨೦೨೪ರ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು. ಯೋಜನೆಗಳು ಹತ್ತು ವರ್ಷ ಕಾಯಬಲ್ಲವು. ಬೆಳೆಯುವ ಮಗುವಿನ ಹಲ್ಲೂ ಎಲುಬೂ ಕಾಯಲಾರವು. ಎಂಟು ವರ್ಷ ತುಂಬುವುದರೊಳಗೆ ಹಲ್ಲಿನ ಮೇಲೆ ಬರೆಯಬೇಕಾದುದನ್ನು ನೀರು ಬರೆದು ಮುಗಿಸಿರುವುದು.

ಅಡಿಗೆಮನೆಯ ಶೋಧಕವು ಬೇಕಾದವರಿಗೆ ಇರಲಿ. ಆದರೆ ಅದು ಪೌರನ ಹಕ್ಕಿಗೆ ಬದಲಾಗಬಾರದು. ತಮ್ಮ ಮನೆಯಲ್ಲಿ ಯಂತ್ರವುಳ್ಳ ಸುಗಟೂರಿನ ಮಹನೀಯರು ಮುಂದಿನ ಗ್ರಾಮಸಭೆಗೆ ಹೋಗಿ, ಊರಿನ ನಲ್ಲಿಯ ನೀರಿನ ಪರೀಕ್ಷೆಯ ಫಲಿತಾಂಶವೆಲ್ಲಿಯೆಂದು ಒಂದು ಪ್ರಶ್ನೆಯನ್ನು ಕೇಳಬೇಕೆಂದು ನಾವು ಪ್ರಾರ್ಥಿಸುತ್ತೇವೆ. ಆ ಪ್ರಶ್ನೆಯು ಯಂತ್ರವಿಲ್ಲದ ನೆರೆಮನೆಯವನಿಗಾಗಿ ಕೇಳಿದುದಾಗಿರಲಿ.