ಮನೆಯ ಯಂತ್ರ, ಮನೆಯ ಮಾತು: ಐದು ಮೀಟರಿನ ಆಚೆ

ಹೋದ ಸಂಚಿಕೆಯಲ್ಲಿ ಇನ್‌ವರ್ಟರಿನ ಬ್ಯಾಟರಿಗೆ ನೀರೆರೆಯುವ ವಿಚಾರ ಬರೆದು ಬುದ್ಧಿವಂತನೆನಿಸಿಕೊಂಡೆ. ಈ ಸಲ ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ.

ಹೋದ ವರುಷದ ರಾಜ್ಯೋತ್ಸವದಲ್ಲಿ ನಮ್ಮ ಮಕ್ಕಳು ಕಿತ್ತೂರು ಚೆನ್ನಮ್ಮನ ಪುಟ್ಟ ನಾಟಕವಾಡಿದ್ದು ತಮಗೆ ನೆನಪಿರಬಹುದು. ಚೆನ್ನಮ್ಮನಾಗಿ ನಿಂತವಳು ನನ್ನ ಅಕ್ಕನ ಮೊಮ್ಮಗಳು. ಅಕ್ಕನಿಗೆ 84 ವರ್ಷ. ಧಾರವಾಡದ ಮನೆಯಲ್ಲಿ ಮಂಚ ಬಿಟ್ಟು ಏಳುವಂತಿಲ್ಲ, ಮುಂಬಯಿಗೆ ಬರುವ ಮಾತು ದೂರವೇ ಉಳಿಯಿತು. "ಹ್ಯಾಂಗರ ಮಾಡಿ ತೋರಸೋ ತಮ್ಮಾ" ಎಂದಿದ್ದಳು. ಅದೇನು ಮಹಾ ಎಂದು ನಾನು ವೆಬ್‌ಕ್ಯಾಮರಾ ಒಂದನ್ನು ರಂಗದ ಎದುರಿನ ಕಂಬಕ್ಕೆ ಕಟ್ಟಿದೆ. ಪ್ಲಗ್ ಇದ್ದುದು, ಇಂಟರ್ನೆಟ್ಟಿನ ರೌಟರ್ ಇದ್ದುದು ಹಿಂಬಾಗಿಲ ಬಳಿ. ಆದುದರಿಂದ ಲ್ಯಾಪ್‌ಟಾಪು ಅಲ್ಲಿ. ನಡುವಣ ದೂರಕ್ಕೆ ಐದೈದು ಮೀಟರಿನ ಮೂರು ಯು.ಎಸ್.ಬಿ. ತಂತಿಗಳನ್ನು ಒಂದರ ಬಾಲಕ್ಕೆ ಒಂದನ್ನು ಸಿಕ್ಕಿಸಿ ಎಳೆದೆ. "ಎಷ್ಟು ಬೇಕಾದರೂ ಜೋಡಿಸಿಕೊಳ್ಳಿ" ಎಂದು ಅಂಗಡಿಯವನು ಹೇಳಿದ್ದ, ನಾನು ನಂಬಿದ್ದೆ. ಹಿಂದಿನ ದಿನ ಪರೀಕ್ಷೆಯನ್ನೂ ಮಾಡಿದ್ದೆ. ಆದರೆ ಲ್ಯಾಪ್‌ಟಾಪನ್ನು ಕ್ಯಾಮರಾದ ಮಗ್ಗುಲಲ್ಲೇ ಇಟ್ಟುಕೊಂಡು! ನಾಟಕದ ದಿನ ಚಿತ್ರ ಬಂತು, ನಡುಗಿತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ರಾತ್ರಿ ಅಕ್ಕ ಫೋನಿನಲ್ಲಿ ಬೈಯಲಿಲ್ಲ. "ಹುಡುಗಿ ಬಂದ್ಲು ಅನ್ನೂದ್ರಾಗ ಪರದೆ ಕರ್ರಗಾತು ನೋಡೋ" ಎಂದಳು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಕೂತು ಓದಿ ತಿಳಿದದ್ದನ್ನು ತಮ್ಮ ಮುಂದಿಡುತ್ತೇನೆ; ತಮ್ಮ ಮನೆಯಲ್ಲೂ ಪ್ರಿಂಟರನ್ನು ಇನ್ನೊಂದು ಕೋಣೆಗೆ ಒಯ್ಯುವ ಯೋಚನೆ ಇದ್ದೀತು.

ಈ ಯು.ಎಸ್.ಬಿ. ಎಂಬುದು 1996ರಲ್ಲಿ ಹೊರಬಂದದ್ದು. ಇಂಟೆಲ್ ಕಂಪನಿಯಲ್ಲಿ ಅದರ ಹಿಂದೆ ದುಡಿದವರಲ್ಲಿ ಮುಖ್ಯರು ಬಡೋದೆಯ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ ಭಟ್ಟರು; ನಮ್ಮ ನೆರೆಯವರೇ ಎನ್ನಿ. ಮೇಜಿನ ಮೇಲಿನ ಕೀಲಿಮಣೆ, ಪ್ರಿಂಟರುಗಳಿಗೆ ಒಂದೇ ಬಗೆಯ ಮೂತಿ ಇರಲೆಂದು ಮಾಡಿದ ಏರ್ಪಾಡು ಅದು. ಮೇಜಿನ ಸುತ್ತಳತೆಯ ಸಾಧನವನ್ನು ನಾನು ಸಭಾಗೃಹದ ಉದ್ದಕ್ಕೆ ಎಳೆದೆ. 2000ದಲ್ಲಿ ಬಂದ ಎರಡನೆಯ ಆವೃತ್ತಿ ಸೆಕೆಂಡಿಗೆ 48 ಕೋಟಿ ಸಂಕೇತಗಳನ್ನು ಸಾಗಿಸಬಲ್ಲದು. ಆದರೆ ಅದರ ತಂತಿಗೆ ಹಾಕಿದ ಗೆರೆ 5 ಮೀಟರು. 2008ರ ಮೂರನೆಯದು ಇನ್ನೂ ಚುರುಕು, ತಂತಿ ಮಾತ್ರ ಇನ್ನೂ ಮೋಟು: ಸುಮಾರು 3 ಮೀಟರು.

ಏಕೆಂದರೆ, ಮೊದಲನೆಯದಾಗಿ ವಿದ್ಯುತ್ತು. ಕ್ಯಾಮರಾಕ್ಕೆ ಬೇಕಾದ 5 ವೋಲ್ಟೂ ಅದೇ ತಂತಿಯಲ್ಲಿ ಹೋಗಬೇಕು. ಅಗ್ಗದ ತಂತಿಯೊಳಗಿನ 28ನೆಯ ನಂಬರಿನ ತಾಮ್ರದ ಎಳೆಗೆ ಮೀಟರಿಗೆ 0.21 ಓಮಿನಷ್ಟು ತಡೆ ಇದೆ. 15 ಮೀಟರು ಹೋಗಿ 15 ಮೀಟರು ಮರಳಬೇಕಷ್ಟೆ. ಒಟ್ಟು 6 ಓಮಿಗೆ ಮೇಲಾಯಿತು. ಕ್ಯಾಮರಾ ಕಾಲು ಅಂಪಿಯರು ಎಳೆದರೆ 1.6 ವೋಲ್ಟು ದಾರಿಯಲ್ಲೇ ಸೋರಿಹೋಗಿ, ತಲಪುವುದು 3.4. ಹಾಲಿನವನು ಬಾಗಿಲಿಗೆ ಬರುವಷ್ಟರಲ್ಲಿ ಸೇರು ಪಾವಾದಂತೆ! ತಂತಿಯ ಮೈಮೇಲೆ 24 ಎಂದು ಅಚ್ಚಾಗಿದ್ದರೆ ಎಳೆ ದಪ್ಪ, ನಷ್ಟ ಅರ್ಧಕ್ಕಿಂತ ಕಡಿಮೆ. ನಂಬರು ಇಳಿದಷ್ಟೂ ಎಳೆ ದಪ್ಪ ಎಂಬುದನ್ನು ಕೊಳ್ಳುವಾಗ ನೆನಪಿಡತಕ್ಕದ್ದು.

ಸಂಕೇತವೂ ಹಾಗೆಯೇ ದೂರಕ್ಕೆ ಕ್ಷೀಣಿಸುತ್ತದೆ. ಅದಕ್ಕೆ ಉಪಾಯ, ನಡುವೆ ನಿಂತು ಕೇಳಿದ್ದನ್ನು ಗಟ್ಟಿಯಾಗಿ ಮತ್ತೊಮ್ಮೆ ಹೇಳುವ ಹಬ್ ಇಲ್ಲವೆ 'ಆಕ್ಟಿವ್' ಎಂಬ ತಂತಿ. ಹಾಗೆಂದು ಮನಬಂದಷ್ಟು ಜೋಡಿಸುವಂತಿಲ್ಲ. ಯು.ಎಸ್.ಬಿ.ಯಲ್ಲಿ ಕಂಪ್ಯೂಟರು ಪ್ರಶ್ನೆ ಕೇಳಿದರೆ ಮಾತ್ರ ಸಾಧನ ಉತ್ತರಿಸುತ್ತದೆ. ಉತ್ತರಕ್ಕೆ ಕಾಯುವುದು ಒಂದೂವರೆ ಮೈಕ್ರೋಸೆಕೆಂಡಿನಷ್ಟೆ. ಪ್ರತಿಯೊಂದು ಹಬ್ಬೂ ಸ್ವಲ್ಪ ಹೊತ್ತು ನುಂಗುತ್ತದೆ. ಆದುದರಿಂದ ಸರಪಳಿಯಲ್ಲಿ ಐದೇ ಹಬ್ಬು, ಆರು ತಂತಿ, ಒಟ್ಟು 30 ಮೀಟರು. ಅದಕ್ಕೂ ಆಚೆ ಬೇಕಾದವರಿಗೆ ಎರಡು ತುದಿಗೆ ಎರಡು ಪೆಟ್ಟಿಗೆಯಿರುವ ಎಕ್ಸ್‌ಟೆಂಡರುಗಳಿವೆ. ನಡುವೆ ಕ್ಯಾಟ್-6 ತಂತಿ ಹಾಕಿದರೆ 50 ಮೀಟರು, ಕೆಲವು 100 ಮೀಟರಿನವರೆಗೂ ಒಯ್ಯುತ್ತವೆ. ಅಗ್ಗದವು ಕೆಲವು ಹಳೆಯ ನಿಧಾನ ವೇಗದವು. ಕೀಲಿಮಣೆಗೆ ಸಾಕು, ಕ್ಯಾಮರಾಕ್ಕೆ ಸಾಲದು. ಇವುಗಳ ತಂತಿಯ ಮೂತಿ ಇಂಟರ್ನೆಟ್ಟಿನ ತಂತಿಯಂತೆಯೇ ಕಂಡರೂ ಸಾಮಾನ್ಯವಾಗಿ ಅದನ್ನು ರೌಟರಿಗೆ ಸಿಕ್ಕಿಸಕೂಡದು.

ನಾನು ಇದಾವುದನ್ನೂ ಕೊಳ್ಳಲಿಲ್ಲ. ಕ್ಯಾಮರಾದ ತಂತಿ ಬೆಳೆಸುವ ಬದಲು ಲ್ಯಾಪ್‌ಟಾಪನ್ನೇ ಕಂಬದ ಬುಡಕ್ಕೆ ಒಯ್ದು, ರೌಟರಿನಿಂದ ಅಲ್ಲಿಗೆ ಸಾಧಾರಣ ಈಥರ್ನೆಟ್ ತಂತಿ ಎಳೆದೆ. ಅದು ಕಟ್ಟಡಗಳಿಗೆಂದೇ ಹುಟ್ಟಿದ್ದು, 100 ಮೀಟರಿನವರೆಗೆ ದಣಿಯದು. ಕರೆಂಟಿಗೆ ಒಂದು ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡು. ಪ್ರಿಂಟರಿಗೂ ಇದೇ ನ್ಯಾಯ: ವೈಫೈ ಇರುವುದಾದರೆ ಯು.ಎಸ್.ಬಿ. ತಂತಿಯ ಗೊಡವೆಯೇ ಬೇಡ. ಪರೀಕ್ಷೆಯನ್ನು ಮಾತ್ರ ಅದೇ ಜಾಗದಲ್ಲಿ, ಅದೇ ತಂತಿಯಲ್ಲಿ, ಅರ್ಧ ಗಂಟೆಯಾದರೂ ನಡೆಸಿ ನೋಡಿ.

ಈ ನವೆಂಬರಿನಲ್ಲಿ ಪರದೆ ಒಮ್ಮೆಯೂ ಕಪ್ಪಾಗಲಿಲ್ಲ. ಹುಡುಗಿಗೆ ಮಾತ್ರ ಈ ಸಲ ರಾಣಿಯ ಪಾತ್ರವಿಲ್ಲ, ದಾಸಿಯದು, ಎರಡೇ ಮಾತು. ತೆರೆ ಬಿದ್ದೊಡನೆ ಅಕ್ಕನ ಫೋನು ಬಂತು.

"ತಮ್ಮಾ, ಆಕಿ ಹೆರಳು ಯಾರು ಹಾಕ್ಯಾರೋ? ಒಂದ ಕಡೆ ಸಡ್ಲ ಆಗೇದ, ಇಲ್ಲಿಂದನ ಕಾಣಸ್ತದ."